ಲಿಫ್ಟ್ ಕಿಟ್ ಹಾಕಿಸುವ ಮುಂಚೆ ರೋಲ್ ಕೇಜ್ ಯೋಚಿಸಿ

ಆಫ್‌ರೋಡ್‌ಗೆ ಗಾಡಿ ರೆಡಿ ಮಾಡುವಾಗ ಎಲ್ಲರ ಕಣ್ಣು ಮೊದಲು ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಮೇಲೆ ಬೀಳುತ್ತದೆ, ಅಲ್ವಾ? ಗಾಡಿ ಎತ್ತರವಾದಂತೆ ಅದರ ತೂಕದ ಕೇಂದ್ರವೂ ಮೇಲೇರುತ್ತದೆ. ಅಡ್ಡ ಇಳಿಜಾರಿನಲ್ಲಿ ಬೇಗ ಮಗುಚುತ್ತದೆ. ನನ್ನ ಪ್ರಕಾರ ಹೆಚ್ಚಿನವರಿಗೆ 2 ಇಂಚು ಸಾಕು. ರೂಫ್ ಕ್ಯಾರಿಯರ್ ಮೇಲೆ ಸ್ಟೆಪ್ನಿ, ಡೀಸೆಲ್ ಕ್ಯಾನ್ ಪೇರಿಸಬೇಡಿ.

ಗಾಡಿ ಮಗುಚಿದಾಗ ಒಳಗಿರುವವರನ್ನು ಕಾಪಾಡುವ ಪೈಪ್ ಚೌಕಟ್ಟೇ ರೋಲ್ ಕೇಜ್. ಅದರಲ್ಲಿ ಮಾತ್ರ ಉಳಿತಾಯ ಬೇಡವೇ ಬೇಡ. ನೀರಿನ ಪೈಪ್ ಬಗ್ಗಿಸಿ ಬಣ್ಣ ಬಳಿದು ಕೊಡುವವರೂ ಇದ್ದಾರೆ. ಫೋಟೋಗೆ ಚೆನ್ನಾಗಿರುತ್ತದೆ, ಅಷ್ಟೇ. ಸೀಮ್‌ಲೆಸ್, ಅಂದರೆ ಉದ್ದಕ್ಕೂ ಬೆಸುಗೆಯ ಜೋಡಣೆ ಇಲ್ಲದ ಸ್ಟೀಲ್ ಟ್ಯೂಬನ್ನೇ ಕೇಳಿ. ಬಾಗಿಸಿದ ಜಾಗದ ಒಳಬದಿಯಲ್ಲಿ ಬೆರಳಾಡಿಸಿ ನೋಡಿ. ಸುಕ್ಕು ಸಿಕ್ಕರೆ ಆ ಪೈಪ್ ವಾಪಸ್ ಕೊಡಿ, ಭಾರ ಬಿದ್ದಾಗ ಮೊದಲು ಮಡಚುವುದು ಅಲ್ಲೇ. ಕೇಜ್‌ನ ಕಾಲು ತೆಳು ಫ್ಲೋರ್ ಶೀಟ್ ಮೇಲೆ ಸುಮ್ನೆ ನಿಂತಿದ್ದರೆ ಶೀಟ್ ಹರಿದು ಕೆಳಗಿಳಿಯುತ್ತದೆ. ಶೀಟಿನ ಮೇಲೊಂದು, ಕೆಳಗೊಂದು ದಪ್ಪ ಪ್ಲೇಟ್ ಕೊಟ್ಟು ಬೋಲ್ಟ್ ಹಾಕಿಸಿ. ಮುಖ್ಯ ಹೂಪ್‌ಗೆ (ಮುಂದಿನ ಸೀಟುಗಳ ಹಿಂದೆ ಕಮಾನಿನಂತೆ ನಿಲ್ಲುವ ಪೈಪ್) ಒಂದು ಅಡ್ಡ ಓರೆ ಪೈಪ್ ಇರಲಿ, ಇಲ್ಲದಿದ್ದರೆ ಚೌಕ ಪಕ್ಕಕ್ಕೆ ವಾಲುತ್ತದೆ.

ತಲೆ ತಾಗುವ ಕಡೆ ಗಟ್ಟಿ ಪ್ಯಾಡಿಂಗ್ ಬೇಕು. ಮೆತ್ತನೆ ಸ್ಪಂಜ್ ಪ್ರಯೋಜನವಿಲ್ಲ. ಹಾರ್ನೆಸ್‌ನ (ಎರಡೂ ಭುಜದ ಮೇಲೆ ಬರುವ ರೇಸ್ ಸೀಟ್ ಬೆಲ್ಟ್) ಭುಜದ ಪಟ್ಟಿಯನ್ನು ಸೀಟಿನ ಹಿಂದೆ ನೆಲಕ್ಕೆ ಬಿಗಿಯಬೇಡಿ, ಅಪಘಾತದಲ್ಲಿ ಬೆನ್ನುಮೂಳೆಯನ್ನು ಕೆಳಕ್ಕೆ ಒತ್ತುತ್ತದೆ. ಭುಜದ ಮಟ್ಟದ ಅಡ್ಡ ಪೈಪ್‌ಗೆ ಕಟ್ಟಿಸಿ.

ಜ್ಯಾಕ್, ಟೂಲ್ ಬಾಕ್ಸ್ ಕೂಡ ಬಿಗಿದಿರಲಿ. ಗಾಡಿ ವಾಲತೊಡಗಿದರೆ ಸ್ಟೀರಿಂಗನ್ನು ಇಳಿಜಾರಿನ ಕಡೆಗೇ ತಿರುಗಿಸಿ. ಕೈ ಮಾತ್ರ ಹೊರಗೆ ಚಾಚಲೇಬೇಡಿ.