ಬೀಗ ಬಿದ್ದ ಮಿಲ್ಲಿನ ಬಿಳಿ ಡಿಜೈರ್: ದಿವಾಳಿ ಹರಾಜಿನಲ್ಲಿ ಕಾರು ಕೊಂಡ ನನ್ನ ಅನುಭವ

ಮಿಲ್ಲಿನ ಗೇಟಿಗೆ ಎರಡು ಬೀಗ ಇದ್ದವು. ಒಂದು ಹಳೇದು, ತುಕ್ಕು ಹಿಡಿದದ್ದು. ಇನ್ನೊಂದು ಲಿಕ್ವಿಡೇಟರ್, ಅಂದರೆ ದಿವಾಳಿ ಕಂಪನಿಯ ಆಸ್ತಿ ಮಾರೋಕೆ ನೇಮಕವಾದವರು, ಹಾಕಿಸಿದ ಹೊಸದು. ಒಳಗೆ ಬೇವಿನ ಮರದ ಕೆಳಗೆ ಬಿಳಿ ಸ್ವಿಫ್ಟ್ ಡಿಜೈರ್ ನಿಂತಿತ್ತು. 2016ರ ಡೀಸೆಲ್ ಗಾಡಿ. ನಾಲ್ಕೂ ಟೈರು ನೆಲಕ್ಕೆ ಕೂತಿದ್ದವು. ಗಾಜಿನ ಮೇಲೆ ಎರಡು ವರ್ಷದ ಧೂಳು. ವೈಪರ್ ಸಂದಿಯಲ್ಲಿ ಬಿದ್ದ ಎಲೆ ಕೊಳೆತು ಗೊಬ್ಬರವಾಗಿತ್ತು. ಈಗ ನಾನು ಜಗಳೂರು, ಹೊನ್ನಾಳಿ, ಹೊಳಲ್ಕೆರೆ ಸುತ್ತೋದು ಅದೇ ಗಾಡಿಯಲ್ಲಿ.

ದಾವಣಗೆರೆಯಲ್ಲಿ ನನ್ನದೊಂದು ಬಿತ್ತನೆ ಬೀಜದ ಅಂಗಡಿ ಇದೆ. ಮುಂಗಾರು ಶುರುವಾದರೆ ಮೆಕ್ಕೆಜೋಳದ ಹೊಲಗಳಿಗೆ ಓಡಾಟ ಜಾಸ್ತಿ. ಹೊಸ ಕಾರಿಗೆ ಸಾಲ ಮಾಡೋ ಮನಸ್ಸಿರಲಿಲ್ಲ. ಪತ್ರಿಕೆಯಲ್ಲಿ ಹರಾಜಿನ ಪ್ರಕಟಣೆ ಕಂಡಾಗ ಕತ್ತರಿಸಿ ಇಟ್ಟುಕೊಂಡೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು. ಮಿಲ್ಲಿನ ಸೈರನ್ ಕೇಳಿ ಅಡುಗೆಗೆ ಇಡುತ್ತಿದ್ದ ಮನೆಗಳಲ್ಲಿ ಬೆಳೆದವರು ನಾವು. ಆ ಮಿಲ್ಲುಗಳು ಒಂದೊಂದೇ ಮುಚ್ಚಿದ್ದನ್ನು ಕಣ್ಣಾರೆ ನೋಡಿದವರು. ಹಾಗಾಗಿ ಪ್ರಕಟಣೆಯಲ್ಲಿ ಯಂತ್ರ, ಶೆಡ್ಡು, ಕುರ್ಚಿ, ಕಪಾಟಿನ ಜೊತೆ ‘ಒಂದು ಕಾರು’ ಅಂತ ಕಂಡಾಗ ಖುಷಿಗಿಂತ ಸಂಕಟವೇ ಮೊದಲು ಬಂತು.

ಇದಕ್ಕೂ ಮೂರು ವರ್ಷ ಮುಂಚೆ ಒಂದು ಫೈನಾನ್ಸ್ ಕಂಪನಿ ಜಪ್ತಿ ಮಾಡಿದ ಕಾರನ್ನು ಹರಾಜಿನಲ್ಲಿ ಕೊಂಡಿದ್ದೆ. ಇಂಜಿನ್ ಚೆನ್ನಾಗಿತ್ತು, ಬೆಲೆಯೂ ಚೆನ್ನಾಗಿತ್ತು. ಹಣ ಕಟ್ಟಿ ಮನೆಗೆ ತಂದ ಮೇಲೆ ವಾಹನ್ ಅನ್ನೋ ಸರ್ಕಾರಿ ಜಾಲತಾಣದ ದಾಖಲೆಯಲ್ಲಿ ಆ ನಂಬರು ಬ್ಲ್ಯಾಕ್‌ಲಿಸ್ಟ್ ಆಗಿರೋದು, ಅಂದರೆ ಹೆಸರು ಬದಲಾವಣೆಗೆ ತಡೆ ಇರೋದು ಗೊತ್ತಾಯಿತು. ಹಳೇ ಅಪಘಾತದ ಕೇಸು. ಎಂಟು ತಿಂಗಳು ಗಾಡಿ ಶೆಡ್ಡಿನಲ್ಲೇ ನಿಂತಿತು. ಕೆಟ್ಟ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟು ಸರಿ ಮಾಡಿಸಬಹುದು. ಕಾಗದ ಸರಿಯಿಲ್ಲದ ಗಾಡಿಗೆ ಯಾವ ಗ್ಯಾರೇಜೂ ಇಲ್ಲ. ಅದಕ್ಕೇ ಈ ಸಲ ಕಾರು ನೋಡೋಕೆ ಹೋಗುವ ಮುಂಚೆ ಕಾಗದ ನೋಡಿದೆ.

ಮೊದಲು ಈ ಹರಾಜು ಯಾಕೆ ಬೇರೆ ಅಂತ ಹೇಳುತ್ತೇನೆ. ಫೈನಾನ್ಸ್ ಕಂಪನಿ ಮಾರೋದು ಒಬ್ಬ ಸಾಲಗಾರನ ಗಾಡಿ. ದಿವಾಳಿ ಹರಾಜಿನಲ್ಲಿ ಇಡೀ ಕಂಪನಿಯೇ ಮಾರಾಟಕ್ಕೆ ಬರುತ್ತದೆ. 2016ರ ದಿವಾಳಿ ಕಾನೂನಿನ ಪ್ರಕಾರ ಕಂಪನಿಯನ್ನು ಉಳಿಸೋಕೆ ಯಾರೂ ಮುಂದೆ ಬರದಿದ್ದರೆ ಕಂಪನಿ ನ್ಯಾಯಮಂಡಳಿ, ಅಂದರೆ ಎನ್‌ಸಿಎಲ್‌ಟಿ, ಲಿಕ್ವಿಡೇಶನ್‌ಗೆ, ಅಂದರೆ ಆಸ್ತಿ ಮಾರಿ ಕಂಪನಿ ಮುಚ್ಚೋಕೆ, ಆದೇಶ ಮಾಡುತ್ತದೆ. ಕರ್ನಾಟಕಕ್ಕೆ ಅದರ ಪೀಠ ಬೆಂಗಳೂರಿನಲ್ಲಿದೆ. ಅಲ್ಲಿಂದ ಮುಂದೆ ಮಾಲೀಕನ ಜಾಗದಲ್ಲಿ ಸಹಿ ಹಾಕೋದು ಲಿಕ್ವಿಡೇಟರ್. ಪ್ರಕಟಣೆ ಪತ್ರಿಕೆಯಲ್ಲೂ ಬರುತ್ತದೆ, ದಿವಾಳಿ ಪ್ರಕ್ರಿಯೆ ನೋಡಿಕೊಳ್ಳೋ ಮಂಡಳಿ ಐಬಿಬಿಐಯ ಜಾಲತಾಣದಲ್ಲೂ ಸಿಗುತ್ತದೆ. 2025ರ ಏಪ್ರಿಲ್ 1ರಿಂದ ಈ ಹರಾಜುಗಳು ಬ್ಯಾಂಕ್‌ನೆಟ್ ಅನ್ನೋ ಒಂದೇ ಪೋರ್ಟಲಿನಲ್ಲಿ ನಡೆಯಬೇಕು ಅಂತಾಗಿದೆ. ನಮ್ಮಂಥ ಊರಿನವರಿಗೆ ಇದರಿಂದ ದೊಡ್ಡ ಅನುಕೂಲ. ಬೆಂಗಳೂರಿಗೆ ಹೋಗಿ ಸವಾಲು ಕೂಗೋ ಕೆಲಸವಿಲ್ಲ.

ಪ್ರಕಟಣೆಯಲ್ಲಿ ಒಂದು ಸಾಲು ಯಾವಾಗಲೂ ಇರುತ್ತದೆ: ಎಲ್ಲಿದೆಯೋ ಅಲ್ಲೇ, ಹೇಗಿದೆಯೋ ಹಾಗೆ, ಏನಿದೆಯೋ ಅಷ್ಟೇ. ಆಮೇಲೆ ಗೇರ್‌ಬಾಕ್ಸ್ ಹೋಗಿದೆ ಅಂತ ದೂರಿದರೆ ಯಾರೂ ಕೇಳೋದಿಲ್ಲ. ಬಾಕಿ ದಂಡ, ತೆರಿಗೆ, ಸಾಗಿಸೋ ಖರ್ಚು ಎಲ್ಲ ಕೊಂಡವನದು ಅಂತಲೂ ಬರೆದಿತ್ತು.

ಮೊದಲ ಸಲ ರಿಸರ್ವ್ ಬೆಲೆ, ಅಂದರೆ ಸವಾಲು ಶುರುವಾಗೋ ಕನಿಷ್ಠ ಬೆಲೆ, 3,20,000 ಇಟ್ಟಿದ್ದರು. ನಾನು ಸೇರಲಿಲ್ಲ. ಯಾರೂ ಬರಲಿಲ್ಲ. ಹರಾಜು ಬಿದ್ದುಹೋದರೆ ಮುಂದಿನ ಸಲ ಲಿಕ್ವಿಡೇಟರ್ ಬೆಲೆಯನ್ನು 25% ತನಕ ಇಳಿಸಬಹುದು ಅಂತ ನಿಯಮದಲ್ಲಿ ಓದಿದ್ದೆ. ಕಾದೆ. ಎರಡನೇ ಪ್ರಕಟಣೆಯಲ್ಲಿ 2,40,000 ಬಂತು.

ಆ ಕಾಯುವ ದಿನಗಳಲ್ಲಿ ಕಾಗದದ ಕೆಲಸ ಮಾಡಿಕೊಂಡೆ. ಲಿಕ್ವಿಡೇಟರ್‌ಗೆ ಇಮೇಲ್ ಹಾಕಿ ಆರ್‌ಸಿ ನಕಲು ಕೇಳಿದೆ. ವಾಹನ್‌ನಲ್ಲಿ ನಂಬರು ಹಾಕಿ ನೋಡಿದೆ. ಬ್ಲ್ಯಾಕ್‌ಲಿಸ್ಟ್ ಇಲ್ಲ. ಬಿಳಿ ಬೋರ್ಡು. ನೋಂದಣಿ 2031ರ ತನಕ ಇದೆ. ಇನ್ಶೂರೆನ್ಸ್ ಮುಗಿದು ಹೋಗಿದೆ. ಟ್ರಾಫಿಕ್ ದಂಡ 4,500 ಬಾಕಿ. ಜೊತೆಗೆ ಒಂದು ಬ್ಯಾಂಕಿನ ಹೆಸರಲ್ಲಿ ಎಚ್‌ಪಿ, ಅಂದರೆ ಗಾಡಿ ಸಾಲದ ನಮೂದು, ಇನ್ನೂ ಹಾಗೇ ಇದೆ. ಸಾಲ ತೀರಿ ವರ್ಷಗಳಾಗಿವೆ, ಆದರೆ ಆರ್‌ಸಿಯಿಂದ ತೆಗೆಸಿಲ್ಲ. ಅದನ್ನು ತೆಗೆಸೋಕೆ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು. ‘ಬ್ಯಾಂಕಿನ ಎನ್‌ಒಸಿ ಯಾರು ಕೊಡಿಸುತ್ತಾರೆ?’ ಅಂತ ಮತ್ತೆ ಇಮೇಲ್ ಹಾಕಿದೆ. ‘ನಾವು ಪತ್ರ ಕೊಡುತ್ತೇವೆ, ನೀವು ಬ್ಯಾಂಕಿನಿಂದ ತರಬೇಕು’ ಅಂತ ಉತ್ತರ ಬಂತು. ಆ ಇಮೇಲ್ ಪ್ರಿಂಟ್ ತೆಗೆಸಿ ಇಟ್ಟುಕೊಂಡೆ. ಫೋನಿನಲ್ಲಿ ಕೇಳಿದ್ದರೆ ಆ ಮಾತಿಗೆ ಆಧಾರವೇ ಇರುತ್ತಿರಲಿಲ್ಲ.

ಜಿಎಸ್‌ಟಿಯನ್ನೂ ಬರಹದಲ್ಲೇ ಕೇಳಿದೆ. ಹಳೇ ಕಾರಿನ ಮೇಲೆ ಈಗ 18%. ಆದರೆ ಇಂಥ ಕಂಪನಿ ಕಾರಿಗೆ ಅದು ಪೂರ್ತಿ ಬೆಲೆಯ ಮೇಲೆ ಬೀಳೋದಿಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ ಸವಕಳಿ ಕಳೆದು ಎಷ್ಟು ಉಳಿದಿದೆಯೋ, ಅದಕ್ಕಿಂತ ಮಾರಾಟದ ಬೆಲೆ ಎಷ್ಟು ಜಾಸ್ತಿಯೋ ಅಷ್ಟರ ಮೇಲೆ. ಆ ಲೆಕ್ಕದಲ್ಲಿ 2,05,000 ಇದೆ ಅಂದರು. ತುಂಬ ಜನ ಈ ಪ್ರಶ್ನೆ ಕೇಳೋದೇ ಇಲ್ಲ. ಗೆದ್ದ ಮೇಲೆ ಬಿಲ್ಲು ನೋಡಿ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಕಾರು ನೋಡೋಕೆ ಒಂದೇ ದಿನ, ಬೆಳಿಗ್ಗೆ ಹನ್ನೊಂದರಿಂದ ನಾಲ್ಕರ ತನಕ ಬಿಟ್ಟಿದ್ದರು. ನಮ್ಮ ಮೆಕ್ಯಾನಿಕ್ ಭಾಯ್ ಜೊತೆಗಿದ್ದರು. ಸ್ಟಾರ್ಟ್ ಮಾಡೋ ಹಾಗಿಲ್ಲ, ಓಡಿಸೋ ಹಾಗಿಲ್ಲ. ‘ಸ್ಟಾರ್ಟ್ ಮಾಡಿ ಅಂದ್ರೂ ನಾನು ಮಾಡಲ್ಲ ಸರ್’ ಅಂದರು ಭಾಯ್. ಎರಡು ವರ್ಷ ನಿಂತ ಡೀಸೆಲ್ ಟ್ಯಾಂಕಿನಲ್ಲಿ ನೀರು ಕೂತಿರುತ್ತದೆ. ಸೆಲ್ಫ್ ಹೊಡೆದರೆ ಅದೆಲ್ಲ ಪಂಪಿಗೆ, ಇಂಜೆಕ್ಟರಿಗೆ ಹೋಗುತ್ತದೆ. ಅಲ್ಲಿಗೆ ಖರ್ಚು ಎರಡರಷ್ಟು.

ಅವರು ಮೊದಲು ಮಾಡಿದ ಕೆಲಸ ನನಗೆ ಹೊಸದು. ಕಾವಲುಗಾರನನ್ನು ಕೇಳಿ, ಇಂಜಿನ್ನಿನ ಕ್ರ್ಯಾಂಕ್ ಪುಲ್ಲಿಗೆ ಪಾನ ಹಾಕಿ ಕೈಯಲ್ಲೇ ಮೆಲ್ಲಗೆ ತಿರುಗಿಸಿದರು. ತಿರುಗಿತು. ‘ಜಾಮ್ ಆಗಿಲ್ಲ’ ಅಂದರು. ನನ್ನ ಎದೆ ಹಗುರಾಯಿತು. ಆಯಿಲ್ ಕಡ್ಡಿ ಎಳೆದು ಬೆರಳಲ್ಲಿ ಉಜ್ಜಿ ನೋಡಿದರು. ಕಪ್ಪಾಗಿತ್ತು, ಆದರೆ ಹಾಲಿನ ಹಾಗೆ ಬೆಳ್ಳಗಾಗಿರಲಿಲ್ಲ. ಅಂದರೆ ನೀರು ಬೆರೆತಿಲ್ಲ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿದೆವು. ನೀರಲ್ಲಿ ಮುಳುಗಿದ ಗಾಡಿಯಾದರೆ ಒಳಗಿನ ಪಟ್ಟಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿ ತೆಗೆದು ಕೆಳಗಿನ ತಗಡು ನೋಡಿದೆವು. ಬಾನೆಟ್ ಬೋಲ್ಟುಗಳ ಬಣ್ಣ ಕಿತ್ತಿರಲಿಲ್ಲ. ಟೈರಿನ ಮೇಲಿನ ನಾಲ್ಕು ಅಂಕಿ 3419, ಅಂದರೆ 2019ರ 34ನೇ ವಾರದ ಟೈರು. ತುಂಬ ಹಳೇದು. ನಾಲ್ಕನ್ನೂ ಬದಲಾಯಿಸಲೇಬೇಕು. ಮೀಟರಿನಲ್ಲಿ ಎಷ್ಟು ಓಡಿದೆ ಅಂತ ನೋಡೋಕೆ ಬ್ಯಾಟರಿ ಇರಲಿಲ್ಲ. ಕ್ಲಚ್ ಪೆಡಲಿನ ರಬ್ಬರ್ ಸವೆದದ್ದು ನೋಡಿ ಭಾಯ್ ಒಂದು ಲಕ್ಷದ ಆಸುಪಾಸು ಅಂದರು. ಕೊನೆಗೆ ಚಾಸಿ ನಂಬರನ್ನು ಬಟ್ಟೆಯಿಂದ ಒರೆಸಿ, ಟಾರ್ಚ್ ಬಿಟ್ಟು, ಆರ್‌ಸಿ ನಕಲಿನ ಜೊತೆ ಒಂದೊಂದೇ ಅಕ್ಷರ ಓದಿ ತಾಳೆ ಮಾಡಿದೆ. ಈ ಕೆಲಸವನ್ನು ನಾನೇ ಮಾಡಿದೆ. ಇದನ್ನು ಬೇರೆಯವರಿಗೆ ಬಿಡಬಾರದು.

ಗೇಟಿನ ಹೊರಗೆ ಚಹಾದಂಗಡಿ. ಅಲ್ಲಿ ಒಬ್ಬ ಹಿರಿಯರು ಕೂತಿದ್ದರು. ನಾವು ಒಳಗೆ ಹೋದದ್ದು, ಬಂದದ್ದು ನೋಡಿದ್ದರು.

‘ಬಿಳಿ ಗಾಡಿ ನೋಡಕ್ಕೆ ಬಂದಿದ್ರಾ ತಮ್ಮಾ?’

‘ಹೌದು ಯಜಮಾನ್ರೆ. ನಿಮಗೆ ಗೊತ್ತಾ ಆ ಗಾಡಿ?’

‘ಏಳು ವರ್ಷ ನಾನೇ ಓಡ್ಸಿದ್ದು.’

ಮಿಲ್ಲಿನ ಡ್ರೈವರ್ ಅವರು. ಚಹಾ ಹೇಳಿದೆ. ಕೇಳದೇ ಇದ್ದದ್ದನ್ನೂ ಹೇಳಿದರು. ಬೆಂಗಳೂರಿಗೆ ಆಗಾಗ ಹೋಗಿಬರುತ್ತಿತ್ತು. ಒಮ್ಮೆ ಹಿರಿಯೂರಿನ ಹತ್ತಿರ ಹಿಂದಿನ ಬಂಪರಿಗೆ ಲಾರಿ ತಾಗಿತ್ತು, ಅಷ್ಟೇ. ಸರ್ವಿಸ್ ಒಂದೂ ತಪ್ಪಿಸಿಲ್ಲ. ಎಸಿ ಕೊನೆಯ ಬೇಸಿಗೆಯಲ್ಲೇ ನಿಂತಿತ್ತು, ಗ್ಯಾಸ್ ಸೋರುತ್ತದೆ. ‘ಥರ್ಡ್ ಗೇರ್ ಸ್ವಲ್ಪ ಬಿಗಿ. ಅವಸರ ಮಾಡಬ್ಯಾಡ್ರಿ ಅದಕ್ಕೆ’ ಅಂದರು. ಹಳೇ ಕಾರಿನ ಬಗ್ಗೆ ಇಷ್ಟು ನಿಜ ಯಾವ ಶೋರೂಮಿನಲ್ಲಿ ಸಿಗುತ್ತದೆ?

ಅವರ ಹದಿನಾಲ್ಕು ತಿಂಗಳ ಸಂಬಳ ಬಾಕಿ ಇತ್ತು. ಯೂನಿಯನ್ನಿನವರು ಎಲ್ಲರ ಪರವಾಗಿ ಕ್ಲೇಮ್ ಹಾಕಿದ್ದರು. ಮಾರಾಟದ ಹಣದಲ್ಲಿ ಮೊದಲು ದಿವಾಳಿ ಪ್ರಕ್ರಿಯೆಯ ಖರ್ಚು ಹೋಗುತ್ತದೆ. ಆಮೇಲೆ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿ ಮತ್ತು ಅಡಮಾನದ ಮೇಲಿನ ಹಕ್ಕು ಬಿಟ್ಟುಕೊಟ್ಟ ಬ್ಯಾಂಕಿನ ಸಾಲ, ಎರಡೂ ಸಮ ಸಮ. ಇದನ್ನು ಓದಿಕೊಂಡಿದ್ದೆ. ಅವತ್ತು ಚಹಾದ ಲೋಟದ ಎದುರು ಅದು ಬರೀ ನಿಯಮ ಅನ್ನಿಸಲಿಲ್ಲ. ನಾನು ಕಟ್ಟೋ ಹಣ ಯಾವ ಸಾಲಿನಲ್ಲಿ ನಿಲ್ಲುತ್ತದೆ, ಆ ಸಾಲಿನಲ್ಲಿ ಯಾರಿದ್ದಾರೆ ಅಂತ ಮುಖ ನೋಡಿದ ಹಾಗಾಯಿತು.

ಆ ರಾತ್ರಿ ಲೆಕ್ಕ ಹಾಕಿದೆ. ಅದೇ ವರ್ಷದ, ಅದೇ ಮಾದರಿಯ ಗಾಡಿಗೆ ನಮ್ಮೂರಲ್ಲಿ 4,10,000 ಕೇಳುತ್ತಿದ್ದರು. ಅದರಿಂದ ರಿಪೇರಿಗೆ 70,000 ಕಳೆದೆ. ಇನ್ಶೂರೆನ್ಸ್, ದಂಡ, ಹೆಸರು ಬದಲಾವಣೆಗೆ 20,000. ಜಿಎಸ್‌ಟಿಗೆ 15,000. ಎಳೆದು ತರೋಕೆ 3,000. ಕಣ್ಣಿಗೆ ಕಾಣದ ತೊಂದರೆಗೆ 20,000. ಉಳಿದದ್ದು 2,82,000. ಸವಾಲು ಐದೈದು ಸಾವಿರ ಏರುತ್ತದೆ. ಹಾಗಾಗಿ ನನ್ನ ಗಡಿ 2,80,000. ಒಂದು ಚೀಟಿಯಲ್ಲಿ ಬರೆದು ಹೆಂಡತಿ ಕೈಗೆ ಕೊಟ್ಟೆ. ‘ಇದನ್ನ ದಾಟಿದ್ರೆ ಲ್ಯಾಪ್‌ಟಾಪ್ ಮುಚ್ಚಿಬಿಡು’ ಅಂದೆ.

ಠೇವಣಿ 24,000. ಅದು ರಿಸರ್ವ್ ಬೆಲೆಯ 10% ಮೀರಬಾರದು ಅಂತ ನಿಯಮವಿದೆ. ಪ್ಯಾನ್, ಆಧಾರ್ ಜೊತೆ ಒಂದು ಅಫಿಡವಿಟ್ ಕೇಳಿದರು. ದಿವಾಳಿಯಾದ ಕಂಪನಿಯ ಮಾಲೀಕರೋ ಅವರ ಕಡೆಯವರೋ ಹಿಂಬಾಗಿಲಿನಿಂದ ಬಂದು ಅಗ್ಗಕ್ಕೆ ಕೊಳ್ಳಬಾರದು ಅಂತ 29ಎ ಕಲಂ ಇದೆ. ಒಂದು ಹಳೇ ಕಾರಿಗೂ ಅದು ಬೇಕು. ನೋಟರಿ ಮಾಡಿಸಿ ಹಾಕಿದೆ. ಆ ಕಲಂ ಇರೋದು ಒಳ್ಳೇದೇ ಅಂತ ನನಗನ್ನಿಸುತ್ತದೆ.

ಹರಾಜಿನ ದಿನ ಅಂಗಡಿಯಲ್ಲೇ ಕೂತೆ. ಎದುರಿಗೆ ಒಬ್ಬರೇ ಇದ್ದರು, ಹೆಸರು ಕಾಣೋದಿಲ್ಲ. ನಾನು 2,40,000ಕ್ಕೆ ಶುರು ಮಾಡಿದೆ. ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಏರಿಸಿದರೆ ಮತ್ತೆ ಐದು ನಿಮಿಷ ಸೇರುತ್ತದೆ. ಹಾಗೆ ಮುಕ್ಕಾಲು ಗಂಟೆ ಎಳೆಯಿತು. ಅವರು 2,75,000 ಹಾಕಿದರು. ನಾನು ನನ್ನ ಕೊನೆಯ ಸವಾಲು ಹಾಕಿದೆ. ಹೆಂಡತಿ ಚೀಟಿ ಹಿಡಿದು ನಿಂತಿದ್ದಳು. ರೈತರೊಬ್ಬರು ಬಂದು ಸೂರ್ಯಕಾಂತಿ ಬೀಜ ಕೇಳಿದರು. ‘ಐದು ನಿಮಿಷ ಕೂತ್ಕಳಣ್ಣಾ’ ಅಂದೆ. ಅವರೂ ಪರದೆ ನೋಡುತ್ತಾ ಕೂತರು. ಐದು ನಿಮಿಷ ಮುಗಿಯಿತು. ಗಾಡಿ ನನ್ನದಾಯಿತು.

ಉಳಿದ 2,56,000 ರೂಪಾಯಿ ಮತ್ತು ಜಿಎಸ್‌ಟಿ 13,500 ಒಂದೇ ವಾರದಲ್ಲಿ ಕಟ್ಟಿದೆ. 30 ದಿನ ದಾಟಿದರೆ 12% ಬಡ್ಡಿ ಅಂತ ಷರತ್ತಿತ್ತು. ಮಾರಾಟದ ಪ್ರಮಾಣಪತ್ರ, ಬಿಲ್ಲು, ಹೆಸರು ಬದಲಾವಣೆಗೆ ಬೇಕಾದ, ಸಹಿ ಮಾಡಿದ ಫಾರಂ 29 ಮತ್ತು 30, ಲಿಕ್ವಿಡೇಟರ್ ನೇಮಕದ ಆದೇಶದ ನಕಲು ಸಿಕ್ಕವು. ಕೀ ಮಾತ್ರ ಒಂದೇ ಇತ್ತು. ಇನ್ಶೂರೆನ್ಸ್ ಇಲ್ಲದ ಗಾಡಿ ಓಡಿಸಬಾರದು, ಓಡೋ ಸ್ಥಿತಿಯಲ್ಲೂ ಇರಲಿಲ್ಲ. ಟೋಯಿಂಗ್ ಗಾಡಿಗೆ 2,500 ಕೊಟ್ಟು ಎಳೆಸಿದೆ.

ಭಾಯ್ ಗ್ಯಾರೇಜಿನಲ್ಲಿ ಹನ್ನೆರಡು ದಿನ. ಟ್ಯಾಂಕ್ ಇಳಿಸಿ ತೊಳೆದರು. ಫಿಲ್ಟರ್, ಆಯಿಲ್, ಬ್ಯಾಟರಿ, ನಾಲ್ಕು ಟೈರು, ಹಿಡಿದುಕೊಂಡಿದ್ದ ಹಿಂದಿನ ಬ್ರೇಕು, ಎಸಿ. ಇಲಿಗಳು ಡ್ಯಾಶ್‌ಬೋರ್ಡಿನ ಕೆಳಗೆ ವೈರಿಂಗ್ ಕಡಿದಿದ್ದವು. ನಾವು ಅವತ್ತು ಅಲ್ಲಿ ನೋಡಿರಲಿಲ್ಲ. ಒಟ್ಟು 76,400. ಮೀಟರು ಹತ್ತಿಕೊಂಡಾಗ 1,08,000 ಕಿಲೋಮೀಟರ್ ತೋರಿಸಿತು.

ಕಷ್ಟವಾದದ್ದು ಎಚ್‌ಪಿ ಕ್ಯಾನ್ಸಲ್. ಆರ್‌ಸಿಯಲ್ಲಿದ್ದ ಬ್ಯಾಂಕು ಈಗ ಆ ಹೆಸರಲ್ಲಿ ಇಲ್ಲ, ಇನ್ನೊಂದು ಬ್ಯಾಂಕಿನೊಳಗೆ ಸೇರಿಹೋಗಿದೆ. ಹಳೇ ಸಾಲದ ಖಾತೆ ಹೊಸ ಕಂಪ್ಯೂಟರಿನಲ್ಲಿ ಸಿಗಲಿಲ್ಲ. ಎರಡು ಸಲ ಬೆಂಗಳೂರಿಗೆ ಹೋದೆ. ‘ಮುಂದಿನ ವಾರ ಬನ್ನಿ’ ಅನ್ನೋದನ್ನು ಎಷ್ಟು ಸಲ ಕೇಳಿದೆನೋ. ಕೊನೆಗೆ ಲಿಕ್ವಿಡೇಟರ್ ಪತ್ರ, ಆ ಹಳೇ ಇಮೇಲ್, ಕಂಪನಿ ಕಡತದಲ್ಲಿದ್ದ ಸಾಲದ ಖಾತೆ ನಂಬರು, ಮೂರನ್ನೂ ಒಟ್ಟಿಗೆ ಇಟ್ಟಾಗ ಒಬ್ಬ ಅಧಿಕಾರಿ ಮನಸ್ಸು ಮಾಡಿ ಹುಡುಕಿದರು. ಎನ್‌ಒಸಿ ಮತ್ತು ಎಚ್‌ಪಿ ತೆಗೆಸೋ ಫಾರಂ 35 ಕೈಗೆ ಬಂದಾಗ ಏಳು ವಾರ ಆಗಿತ್ತು. ಮುಂದಿನ ಸಲ ಕೊಂಡರೆ ಸಾಲದ ಖಾತೆ ನಂಬರನ್ನು ಹರಾಜಿಗೆ ಮುಂಚೆಯೇ ಕೇಳಿ ಇಟ್ಟುಕೊಳ್ಳುತ್ತೇನೆ.

ಹರಾಜಿನ ಗಾಡಿಗೆ ಫಾರಂ 32 ಬೇಕು ಅಂತ ಒಬ್ಬ ಏಜೆಂಟರು ಹೇಳಿದ್ದರು. ಅದು ಸರ್ಕಾರ ಮಾಡೋ ಹರಾಜಿನದು. ನನ್ನ ಕಡತ 29, 30, 35ರ ಮೇಲೆಯೇ ಹೋಯಿತು.

ಎಲ್ಲ ಸೇರಿಸಿದರೆ 3,90,500. ದಂಡ 4,500, ಇನ್ಶೂರೆನ್ಸ್ 9,600, ನೋಟರಿ ಮತ್ತು ಹೆಸರು ಬದಲಾವಣೆಗೆ 4,000 ಅದರಲ್ಲೇ ಇವೆ. ಊರಿನ ಬೆಲೆಗಿಂತ ಉಳಿದದ್ದು 19,500. ‘ಇಷ್ಟಕ್ಕೆ ಅಷ್ಟೆಲ್ಲ ಓಡಾಟ ಬೇಕಿತ್ತಾ?’ ಅಂತ ನಮ್ಮಣ್ಣ ಕೇಳಿದ. ನನಗೆ ಬೇಕಿತ್ತು. ಹೊಸ ಟೈರು, ಹೊಸ ಬ್ಯಾಟರಿ ಇರೋ ಗಾಡಿ ಇದು. ಯಾರು ಓಡಿಸಿದರು, ಎಲ್ಲಿ ತಾಗಿತು ಅಂತ ಪೂರ್ತಿ ಗೊತ್ತು. ಅರ್ಧ ಬೆಲೆಗೆ ಸಿಗುತ್ತದೆ ಅಂತ ಬರೋರಿಗೆ ಮಾತ್ರ ಈ ಲೆಕ್ಕದ ಚೀಟಿ ತೋರಿಸುತ್ತೇನೆ.

ಆರ್‌ಸಿ ಕಾರ್ಡು ಅಂಚೆಯಲ್ಲಿ ಬಂದ ಮರುದಿನ ಗಾಡಿ ತೊಳೆಸಿ ಆ ಚಹಾದಂಗಡಿಗೆ ಹೋದೆ. ಯಜಮಾನ್ರು ಅಲ್ಲೇ ಇದ್ದರು. ಕೀ ಅವರ ಕೈಗೆ ಕೊಟ್ಟೆ. ಸೀಟನ್ನು ಎರಡು ಹಲ್ಲು ಮುಂದಕ್ಕೆ ಎಳೆದುಕೊಂಡರು, ಕನ್ನಡಿ ತಿದ್ದಿಕೊಂಡರು. ಹರಿಹರದ ಕಡೆ ಸ್ವಲ್ಪ ದೂರ ಹೋಗಿ ಬಂದೆವು. ಮೂರನೇ ಗೇರಿಗೆ ಬಂದಾಗ ಒಂದು ಕ್ಷಣ ತಡೆದು, ಮೆಲ್ಲಗೆ ಹಾಕಿದರು. ಬಾಕಿ ಬಂತಾ ಅಂತ ಕೇಳಿದೆ. ಒಂದು ಕಂತು ಬಂದಿದೆಯಂತೆ. ಉಳಿದದ್ದು ಮಿಲ್ಲಿನ ಜಾಗ ಮಾರಾಟವಾದ ಮೇಲೆ ಅಂದಿದ್ದಾರೆ.