ನನ್ನ ಕಿವಿಯೊಳಗಿನ ಹರಳು ಜಾರಿದಾಗ

ನಾನು ಕಿವಿ, ಮೂಗು, ಗಂಟಲಿನ ಡಾಕ್ಟರು. ತಲೆಸುತ್ತು ಅಂತ ಬಂದವರನ್ನು ಮಲಗಿಸಿ, ತಲೆ ಹೊರಳಿಸಿ ಮನೆಗೆ ಕಳಿಸಿದ್ದಕ್ಕೆ ಲೆಕ್ಕವಿಲ್ಲ. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದೆ, ನೋಡಿ. ಫ್ಯಾನು, ಗೋಡೆ, ಬೀರು ಎಲ್ಲ ಗಿರ್ರನೆ ತಿರುಗಿದವು. ಅರ್ಧ ನಿಮಿಷದಲ್ಲಿ ನಿಂತಿತು. ಮತ್ತೆ ಬಲಕ್ಕೆ ಹೊರಳಿದೆ. ಮತ್ತೆ ಅದೇ.

"ಪಿತ್ತ ಕಣಮ್ಮ, ರಾತ್ರಿ ಊಟ ಬಿಟ್ಟೆಯಲ್ಲ" ಅಂದರು ಅತ್ತೆ. ಪಿತ್ತ ಅಲ್ಲ, ಬಿಪಿಪಿವಿ, ಅಂದರೆ ತಲೆಯ ಭಂಗಿ ಬದಲಾದಾಗ ಬರುವ ತಲೆಸುತ್ತು. ಒಳಗಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಟ್ಟ ಹರಳುಗಳಿರುತ್ತವೆ. ಅವು ಜಾಗ ಬಿಟ್ಟು ಪಕ್ಕದ ಬಾಗಿದ ನಾಳಕ್ಕೆ ಜಾರಿದರೆ, ತಲೆ ಅಲ್ಲಾಡಿದಾಗಲೆಲ್ಲ ಮೆದುಳಿಗೆ ಸುಳ್ಳು ಸುದ್ದಿ ಹೋಗುತ್ತದೆ.

ಯಜಮಾನರನ್ನು ಕರೆದು, "ರೀ, ನನ್ನ ಕಣ್ಣು ನೋಡ್ರೀ, ಯಾವ ಕಡೆ ಎಳೀತಿದೆ?" ಅಂದೆ. "ಎರಡೂ ಕುಣೀತಿವೆ ಕಣೇ" ಅಂದರು. ಈ ತಲೆಸುತ್ತಿನಲ್ಲಿ ಕಣ್ಣುಗುಡ್ಡೆ ಹಾಗೆ ಕುಣಿಯುತ್ತದೆ, ಅಷ್ಟು ಸಾಕಾಗಿತ್ತು. ತಲೆ ಹೊರಳಿಸಿ ಹರಳನ್ನು ಅದರ ಜಾಗಕ್ಕೆ ವಾಪಸ್ ಕಳಿಸುವ ಎಪ್ಲಿ ವಿಧಾನವನ್ನು ಅವರ ಕೈಯಲ್ಲೇ ಮಾಡಿಸಿದೆ. ಭುಜದ ಕೆಳಗೆ ದಿಂಬು. ತಲೆ ಅರ್ಧ ಬಲಕ್ಕೆ ತಿರುಗಿಸಿ ಹಿಂದಕ್ಕೆ ಮಲಗುವುದು. ಸುತ್ತು ನಿಂತ ಮೇಲೂ ಅರ್ಧ ನಿಮಿಷ ಹಾಗೇ ಇರುವುದು. ತಲೆಯನ್ನು ಎಡಕ್ಕೆ ತಿರುಗಿಸುವುದು. ಆಮೇಲೆ ಮೈಯನ್ನೂ ಎಡಕ್ಕೆ ಹೊರಳಿಸಿ ಮೂಗು ನೆಲದ ಕಡೆ. ಕೊನೆಗೆ ಮೆಲ್ಲಗೆ ಏಳುವುದು. ಪೇಷಂಟುಗಳಿಗೆ "ಏನಿಲ್ಲ, ಒಂದು ನಿಮಿಷ" ಅಂತ ಸಲೀಸಾಗಿ ಹೇಳುತ್ತಿದ್ದೆ. ಆ ಒಂದು ನಿಮಿಷ ಎಷ್ಟುದ್ದ ಅಂತ ಅವತ್ತು ಗೊತ್ತಾಯಿತು!

ಎರಡು ತಿಂಗಳಲ್ಲಿ ಅದು ಮತ್ತೆ ಬಂತು. ಆಗ ವಿಟಮಿನ್ ಡಿ ಪರೀಕ್ಷೆ ಮಾಡಿಸಿದೆ. ಮಿಲಿಲೀಟರಿಗೆ 11 ನ್ಯಾನೋಗ್ರಾಂ ಬಂತು. 20ಕ್ಕಿಂತ ಕಡಿಮೆ ಅಂದರೆ ಕೊರತೆ. ಆಶ್ಚರ್ಯವೇನಿಲ್ಲ. ಬೆಳಗ್ಗೆ ಕಾರು, ಮಧ್ಯಾಹ್ನ ಓಪಿಡಿ, ಮನೆಗೆ ಬರುವಷ್ಟರಲ್ಲಿ ಕತ್ತಲು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು, ಆದರೆ ಡಿ ತಯಾರಾಗಲು ಬೇಕಾದ ಯುವಿಬಿ ಎಂಬ ನೇರಳಾತೀತ ಕಿರಣವನ್ನು ಗಾಜು ತಡೆಯುತ್ತದೆ. ನಾವೆಲ್ಲ ನಂಬಿರುವ ಬೆಳಗಿನ ಎಳೆಬಿಸಿಲಿನಲ್ಲೂ ಅದು ತೀರಾ ಕಡಿಮೆ. ಹೊತ್ತೇರಿದ ಬಿಸಿಲೇ ಬೇಕು.

ಡಿ ಕೊರತೆಗೂ ಈ ತಲೆಸುತ್ತಿಗೂ ನಂಟಿದೆ ಅಂತ ಸುಮ್ನೆ ಹೇಳುತ್ತಿಲ್ಲ. 2020ರಲ್ಲಿ ಪ್ರಕಟವಾದ ಕೊರಿಯಾದ ದೊಡ್ಡ ಅಧ್ಯಯನವೊಂದರಲ್ಲಿ, ಕೊರತೆ ಇದ್ದವರಿಗೆ ಒಂದು ವರ್ಷ ದಿನಕ್ಕೆರಡು ಸಲ 400 ಯೂನಿಟ್ ಡಿ ಮತ್ತು 500 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟರು. ತಲೆಸುತ್ತು ಮರುಕಳಿಸುವುದು ಸುಮಾರು ಕಾಲು ಭಾಗ ಕಡಿಮೆಯಾಯಿತು. ಕಾಲು ಭಾಗ ಮಾತ್ರ, ಪೂರ್ತಿ ಅಲ್ಲ. ಜಾರಿದ ಹರಳನ್ನು ಯಾವ ಮಾತ್ರೆಯೂ ವಾಪಸ್ ಕೂರಿಸುವುದಿಲ್ಲ, ಅದಕ್ಕೆ ಮದ್ದು ತಲೆ ಹೊರಳಿಸುವುದು. ನೆಗಡಿ, ಸೀನು, ಟಾನ್ಸಿಲ್‌ಗೆಲ್ಲ ಡಿ ಬರೆಯುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ.

ನಾನು 60,000 ಯೂನಿಟ್‌ನ ಪುಡಿಯನ್ನು ವಾರಕ್ಕೊಂದರಂತೆ ಎಂಟು ವಾರ, ಊಟದ ನಂತರ ಹಾಲಿನಲ್ಲಿ ತೆಗೆದುಕೊಂಡೆ. ವಾರಕ್ಕೊಂದು, ನೆನಪಿರಲಿ. ಒಬ್ಬ ಹಿರಿಯರು ಎರಡು ತಿಂಗಳು ದಿನಾ ಒಂದೊಂದು ಕುಡಿದು, ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ ಮಾಡಿಕೊಳ್ಳುತ್ತಾ ಬಂದಿದ್ದರು. "ಒಳ್ಳೇದು ಜಾಸ್ತಿ ಆದ್ರೆ ತಪ್ಪೇನು ಡಾಕ್ಟ್ರೇ?" ಅಂತ ಕೇಳಿದರು. ಈಗ ಚೀಟಿಯಲ್ಲಿ ವಾರದ ಹೆಸರನ್ನೇ ಬರೆದು ಕೊಡುತ್ತೇನೆ, 'ಭಾನುವಾರ ಮಾತ್ರ' ಅಂತ.

ಮೂರು ತಿಂಗಳಿಗೆ ನನ್ನ ಡಿ ಲೆಕ್ಕ 34ಕ್ಕೆ ಏರಿತು. ಆಮೇಲೆ ಒಂದೇ ಸಲ ಸುತ್ತು ಬಂದಿದೆ, ಹೋದ ದೀಪಾವಳಿಗೆ, ಅಟ್ಟ ಗುಡಿಸುವಾಗ. ಯಜಮಾನರು ಕೇಳದೆಯೇ ದಿಂಬು ತಂದರು.