ಕೇಪಿನ ಕೋವಿಗೆ ಮೊದಲು ನೀರು, ಆಮೇಲೆ ಎಣ್ಣೆ

2024ರ ಜೂನ್ ಎರಡನೇ ವಾರ. ಹೊರಗೆ ಜೋರು ಮಳೆ. ಠಾಣೆಯಿಂದ ಬಿಡಿಸಿಕೊಂಡು ಬಂದ ಕೋವಿಯನ್ನು ಚಾವಡಿಯಲ್ಲಿ ಚಾಪೆ ಹಾಸಿ ಇಟ್ಟೆ. ರೆಕ್ಸಿನ್ ಚೀಲದ ಜಿಪ್ ಎಳೆದ ಕೂಡಲೇ ಹಸಿ ಕಬ್ಬಿಣದ ವಾಸನೆ ಮೂಗಿಗೆ ಬಡಿಯಿತು. ನಳಿಗೆಯ ಉದ್ದಕ್ಕೂ ಕಂದು ಹುಡಿ. ಕುದುರೆಯನ್ನು, ಅಂದರೆ ಟ್ರಿಗರ್ ಒತ್ತಿದಾಗ ಬಡಿಯುವ ಸುತ್ತಿಗೆಯನ್ನು, ಹಿಂದಕ್ಕೆ ಎಳೆದರೆ ಅರ್ಧಕ್ಕೇ ನಿಂತಿತು. ಅಪ್ಪ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಬೈಯಲಿಲ್ಲ. "ಚೀಲದೊಳಗೆ ಹಾಕಿ ಕೊಟ್ಟದ್ದಾ?" ಎಂದು ಮಾತ್ರ ಕೇಳಿದರು.

ಹೌದು, ಚೀಲದೊಳಗೆ ಹಾಕಿ ಕೊಟ್ಟವನು ನಾನೇ. ಆ ವರ್ಷ ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಯಿತು. ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಚುನಾವಣೆ ಮುಗಿಯುವವರೆಗೆ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಿತ್ತು. ಅಷ್ಟು ದಿನವೂ ಅದು ಅಲ್ಲೇ. ಕೊಡುವಾಗ ಹೊರಗಡೆ ಒರೆಸಿ, ಮೇಲಿಂದ ಸ್ವಲ್ಪ ತೆಂಗಿನೆಣ್ಣೆ ಸವರಿ, ಚೀಲಕ್ಕೆ ಹಾಕಿ ಜಿಪ್ ಎಳೆದಿದ್ದೆ. ಸುರಕ್ಷಿತವಾಗಿ ಇರಲಿ ಎಂದೇ ಹಾಗೆ ಮಾಡಿದ್ದು. ಕರಾವಳಿಯ ಸೆಕೆಯಲ್ಲಿ ಆ ಚೀಲ ಬೆವರನ್ನು ಒಳಗೇ ಹಿಡಿದಿಟ್ಟುಕೊಂಡಿತ್ತು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಅದು ಗೊತ್ತಾದದ್ದು ಆಮೇಲೆ.

ಉಡುಪಿಯಿಂದ ಪೂರ್ವಕ್ಕೆ, ಪೆರ್ಡೂರು ಕಡೆಯ ಗುಡ್ಡದ ಬುಡದಲ್ಲಿ ನಮ್ಮ ತೋಟ. ಅಡಕೆ, ತೆಂಗು, ಕೆಳಗೆ ಸ್ವಲ್ಪ ಗದ್ದೆ. ಕೋವಿ ಅಜ್ಜನ ಕಾಲದ್ದು. ಒಂಟಿ ನಳಿಗೆ, ನಳಿಗೆಯ ಬಾಯಿಯಿಂದ ಸಿಡಿಮದ್ದು ತುಂಬುವಂಥದ್ದು, ಬಿಹಾರದ ಮುಂಗೇರ್‌ನಲ್ಲಿ ಮಾಡಿದ್ದು. ಇಲ್ಲಿ ಎಲ್ಲರೂ ಕೇಪಿನ ಕೋವಿ ಎನ್ನುತ್ತಾರೆ. ಕುದುರೆ ಬಡಿದಾಗ ಕಿಡಿ ಕೊಟ್ಟು ಮದ್ದು ಹೊತ್ತಿಸುವ ಸಣ್ಣ ಲೋಹದ ಟೋಪಿಯೇ ಕೇಪು. ತುಳುವಿನಲ್ಲಿ ಬೆಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಬೆಳೆ ರಕ್ಷಣೆಗೆ ಇಂಥ ಕೋವಿಯ ಪ್ರಸ್ತಾಪ ಇದೆ. ಅಪ್ಪನಿಗೆ 70 ದಾಟಿದ ಮೇಲೆ ಪರವಾನಗಿ ನನ್ನ ಹೆಸರಿಗೆ ಬಂತು. 2016ರ ನಿಯಮಗಳಲ್ಲಿ ಅದಕ್ಕೆ ದಾರಿ ಇದೆ. ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಹೋಗಿ ಪ್ರಮಾಣಪತ್ರ ತಂದೆ. ಮಣಿಪಾಲದ ರಜತಾದ್ರಿಗೆ, ಅಂದರೆ ಜಿಲ್ಲಾಧಿಕಾರಿ ಕಚೇರಿಗೆ, ನಾಲ್ಕೈದು ಸಲ ಓಡಾಡಿದೆ. ಮೊದಲು 3 ವರ್ಷಕ್ಕೊಮ್ಮೆ ನವೀಕರಣ ಇತ್ತು, 2019ರ ತಿದ್ದುಪಡಿಯ ನಂತರ 5 ವರ್ಷ ಆಗಿದೆ. ಕಾಗದದ ಕೆಲಸ ಇಷ್ಟೇ. ತಾಳ್ಮೆ ಇದ್ದರೆ ಆಗುತ್ತದೆ.

ಕೋವಿಯನ್ನು ನೋಡಿಕೊಳ್ಳುವ ಕೆಲಸ ಮಾತ್ರ ಯಾರೂ ನನಗೆ ಕೂರಿಸಿ ಕಲಿಸಿರಲಿಲ್ಲ. ಅಪ್ಪ ಮಾಡುವುದನ್ನು ನೋಡಿದ್ದೆ, ಅಷ್ಟೇ. ಹಂಡೆಯ ನೀರು ತೆಗೆದುಕೊಂಡು ಹೋಗಿ ಬಚ್ಚಲಲ್ಲಿ ಏನೋ ಮಾಡುತ್ತಿದ್ದರು. ಕಬ್ಬಿಣಕ್ಕೆ ಯಾರಾದರೂ ನೀರು ಹಾಕುತ್ತಾರಾ ಎಂದು ನನಗೆ ಅನಿಸಿತ್ತು. ಹಾಗಾಗಿ ಕೋವಿ ನನ್ನ ಕೈಗೆ ಬಂದ ಮೇಲೆ ನೀರು ಬಿಟ್ಟು ಬರೀ ಎಣ್ಣೆಯಲ್ಲಿ ಒರೆಸಲು ಶುರು ಮಾಡಿದೆ. ನನ್ನ ದೊಡ್ಡ ತಪ್ಪು ಇದೇ.

ತುಕ್ಕು ಹಿಡಿದ ಕೋವಿಯನ್ನು ನಾನೇ ಬಿಚ್ಚುವ ಧೈರ್ಯ ಆಗಲಿಲ್ಲ. ಪರವಾನಗಿ ಪುಸ್ತಕ ಹಿಡಿದುಕೊಂಡು ಮಂಗಳೂರಿನ ಒಂದು ಕೋವಿ ಅಂಗಡಿಗೆ ಹೋದೆ. ಅಲ್ಲಿಯ ಹಿರಿಯರು ಗಜದ ತುದಿಗೆ ಬಿಳಿ ಬಟ್ಟೆ ಸುತ್ತಿ ನಳಿಗೆಯೊಳಗೆ ಇಳಿಸಿ ತೆಗೆದರು. ಗಜ ಎಂದರೆ ಮದ್ದು ಜಡಿಯುವ ಉದ್ದದ ಕೋಲು. ಬಟ್ಟೆಯ ಮೇಲೆ ಟಾರಿನಂಥ ಕಪ್ಪು ಅಂಟು. "ಇದು ಎಣ್ಣೆ ಮತ್ತು ಮಸಿ ಸೇರಿ ಆದದ್ದು. ನೀರಲ್ಲಿ ತೊಳೆಯಲೇ ಇಲ್ಲ ಅಲ್ವಾ ನೀವು?" ಎಂದರು.

ಅವರು ಹೇಳಿದ ವಿಷಯ ಸರಳ. ಕಪ್ಪು ಮದ್ದು ಉರಿದಾಗ ಎಲ್ಲವೂ ಹೊಗೆಯಾಗಿ ಹೋಗುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಗಟ್ಟಿ ಪದಾರ್ಥವಾಗಿಯೇ ಉಳಿಯುತ್ತದೆ. ಅದರಲ್ಲಿ ಒಂದಷ್ಟು ಹೊಗೆಯ ಜೊತೆ ಹೊರಗೆ ಹೋಗುತ್ತದೆ, ಉಳಿದದ್ದು ನಳಿಗೆಯ ಗೋಡೆಗೆ ಅಂಟುತ್ತದೆ. ಮದ್ದಿಗೆ ಸೇರಿಸುವ ಪೆಟ್ಲುಪ್ಪಿನಿಂದ (ಪೊಟ್ಯಾಶಿಯಂ ನೈಟ್ರೇಟ್) ಬಂದ ಪೊಟ್ಯಾಶಿಯಂ ಲವಣಗಳೇ ಅದರಲ್ಲಿ ಹೆಚ್ಚು. ಮಳೆಗಾಲದಲ್ಲಿ ಉಪ್ಪಿನ ಭರಣಿ ತೆರೆದಿಟ್ಟರೆ ಏನಾಗುತ್ತದೆ? ನೀರೊಡೆಯುತ್ತದೆ. ನಳಿಗೆಯೊಳಗೆ ಆಗುವುದೂ ಅದೇ. ಗಾಳಿಯ ತೇವವನ್ನು ಆ ಲವಣ ಎಳೆದುಕೊಂಡು ಕಬ್ಬಿಣಕ್ಕೆ ತಾಗಿಸಿ ಇಡುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಇಲ್ಲಿ ತುಕ್ಕಿಗೆ ಒಂದೇ ರಾತ್ರಿ ಸಾಕು. ಆ ಲವಣ ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಅಪ್ಪ ಬಚ್ಚಲಲ್ಲಿ ಮಾಡುತ್ತಿದ್ದದ್ದು ಇದನ್ನೇ.

ಅದೃಷ್ಟಕ್ಕೆ ನಳಿಗೆಯ ಒಳಗೆ ಆಳದ ಗುಳಿ ಬಿದ್ದಿರಲಿಲ್ಲ. ಬುಡದ ಕಡೆ, ಅಂದರೆ ಮದ್ದು ಕೂರುವ ಜಾಗದಲ್ಲಿ, ತುಕ್ಕು ತಿಂದು ಗುಳಿ ಮಾಡಿದ್ದರೆ ಆ ಕೋವಿಯನ್ನು ಮತ್ತೆ ಹಾರಿಸಬೇಡಿ ಎಂದು ಅವರು ಖಡಾಖಂಡಿತವಾಗಿ ಹೇಳಿದರು. ಒತ್ತಡ ಎಲ್ಲಕ್ಕಿಂತ ಜಾಸ್ತಿ ಬೀಳುವುದು ಅಲ್ಲೇ. ನನ್ನ ಕಣ್ಣೆದುರೇ ನಿಪ್ಪಲ್, ಅಂದರೆ ಕೇಪು ಕೂರುವ ತೂತಿನ ಮೊಳೆ, ಬಿಚ್ಚಿ ಹೊಸದು ಹಾಕಿದರು. ಕುದುರೆಯ ಸ್ಪ್ರಿಂಗ್ ಶುಚಿ ಮಾಡಿದರು. ಹೊರಗಿನ ತುಕ್ಕನ್ನು ತೆಗೆಯುವ ಕೆಲಸ ನನಗೇ ಬಿಟ್ಟರು. ತೀರಾ ನಯವಾದ ಸ್ಟೀಲ್ ವುಲ್‌ಗೆ ಎಣ್ಣೆ ಹಾಕಿ ಮೆಲ್ಲಗೆ ಉಜ್ಜಬೇಕು. ಮರಳು ಕಾಗದ ತಾಗಿಸಲೇಬಾರದು. ಮೂರು ಸಂಜೆ ಹಿಡಿಯಿತು. ಹಳೆಯ ಬಣ್ಣ ಪೂರ್ತಿ ಬರಲಿಲ್ಲ. ಕಲೆಗಳು ಈಗಲೂ ಇವೆ.

ಅಂದಿನಿಂದ ನಾನು ಮಾಡುವ ಕ್ರಮವನ್ನು ಹೇಳುತ್ತೇನೆ.

ಕೋವಿ ಕೈಗೆ ತೆಗೆದುಕೊಂಡ ಕೂಡಲೇ ಗಜ ಇಳಿಸುತ್ತೇನೆ. ಬೇರೆ ಯಾವ ಕೆಲಸವೂ ಅದಕ್ಕಿಂತ ಮೊದಲಲ್ಲ. ಗಜದಲ್ಲಿ ಎರಡು ಗೆರೆ ಕೊರೆದಿಟ್ಟಿದ್ದೇನೆ. ನಳಿಗೆ ಖಾಲಿ ಇದ್ದರೆ ಬಾಯಿಯ ಮಟ್ಟಕ್ಕೆ ಬರುವ ಗೆರೆ ಒಂದು, ಮದ್ದು ಇದ್ದರೆ ಬರುವ ಗೆರೆ ಇನ್ನೊಂದು. ಬಾಯಿ ನನ್ನಿಂದ ಆಚೆ ವಾಲಿರಬೇಕು. ಮೇಲಿಂದ ಬಗ್ಗಿ ನೋಡುವುದಾಗಲೀ, ಬಾಯಿ ಹಚ್ಚಿ ಊದುವುದಾಗಲೀ ಇಲ್ಲವೇ ಇಲ್ಲ. ತೋಟೆ (ಕಾರ್ಟ್ರಿಜ್) ಹಾಕುವ ಕೋವಿಯಾದರೆ ನಳಿಗೆಯನ್ನು ಬುಡದಲ್ಲಿ ಮಡಚಿ ನೋಡಬಹುದು. ಕೇಪಿನ ಕೋವಿಯ ಹೊಟ್ಟೆಯಲ್ಲಿ ಏನಿದೆ ಎಂದು ಹೊರಗಿಂದ ಕಾಣುವುದಿಲ್ಲ. ಕೇಪು ತೆಗೆದಿಟ್ಟರೆ ಸಾಕು ಎಂದು ಮದ್ದು ತುಂಬಿದ ಕೋವಿಯನ್ನೇ ಅಟ್ಟದಲ್ಲಿ ಇಡುವ ಅಭ್ಯಾಸ ಹಿಂದೆ ಎಷ್ಟೋ ಮನೆಗಳಲ್ಲಿತ್ತು. ನಮ್ಮಲ್ಲೂ ಇತ್ತು. ಅಜ್ಜ ತೀರಿಹೋದ ಮೇಲೆ ಒಂದು ಆಯುಧ ಪೂಜೆಗೆ ಕೋವಿ ಕೆಳಗಿಳಿಸಿದಾಗ ಅಪ್ಪ ಗಜ ಹಾಕಿ ನೋಡಿದರು. ನಾಲ್ಕು ಬೆರಳು ಮೇಲೇ ನಿಂತಿತು. ಮಕ್ಕಳೆಲ್ಲ ಸುತ್ತ ನಿಂತಿದ್ದೆವು. ನನಗೆ ಆಗ ಏಳು ವರ್ಷ. ನಮ್ಮನ್ನೆಲ್ಲ ಒಳಗೆ ಕಳಿಸಿ, ನಳಿಗೆಗೆ ನೀರು ಹೊಯ್ದು ಮದ್ದು ನೆನೆಸಿ, ಗಜದ ತುದಿಗೆ ತಿರುಪು ಹಾಕಿ ಮದ್ದಿನ ಮೇಲೆ ಜಡಿದಿದ್ದ ನಾರನ್ನು ಎಳೆದು ತೆಗೆದರು. ಅಷ್ಟು ವರ್ಷ ಅದು ನಾವು ಮಲಗುವ ಕೋಣೆಯ ಮೇಲಿನ ಅಟ್ಟದಲ್ಲಿತ್ತು. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ.

ಇನ್ನು ತೊಳೆಯುವುದು. ಈಡು ಬಿಟ್ಟ, ಅಂದರೆ ಕೋವಿ ಹಾರಿಸಿದ, ದಿನವೇ ತೊಳೆಯಬೇಕು, ನಾಳೆಗೆ ಇಡಬಾರದು. ನಮ್ಮ ಕೋವಿಯಲ್ಲಿ ನಳಿಗೆಯನ್ನು ಮರದಿಂದ ಬಿಡಿಸಲು ಆಗುತ್ತದೆ. ನಿಪ್ಪಲ್ ಬಿಚ್ಚಿ ಒಂದು ಲೋಟ ಬಿಸಿನೀರಿಗೆ ಹಾಕುತ್ತೇನೆ. ಬಕೆಟ್‌ನಲ್ಲಿ ಬಿಸಿನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು. ನಳಿಗೆಯ ಬುಡ ನೀರಿನಲ್ಲಿ ಮುಳುಗುವ ಹಾಗೆ ನಿಲ್ಲಿಸಿ, ಗಜಕ್ಕೆ ಹಳೇ ಪಂಚೆಯ ತುಂಡು ಸುತ್ತಿ ಮೇಲೆ ಕೆಳಗೆ ಮಾಡಬೇಕು. ಪಿಚಕಾರಿಯ ಹಾಗೆ ನಿಪ್ಪಲ್ ತೂತಿನಿಂದ ನೀರು ಒಳಗೆ ಹೋಗಿ ಹೊರಗೆ ಬರುತ್ತದೆ. ಮೊದಲ ನೀರು ಮಸಿಯಷ್ಟು ಕಪ್ಪು. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಅದು ಗಂಧಕದ್ದು. ನೀರು ಎರಡು ಮೂರು ಸಲ ಬದಲಿಸಬೇಕು. ಕೊನೆಯಲ್ಲಿ ಸೋಪಿಲ್ಲದ, ಕುದಿಯುವ ನೀರನ್ನು ಕೊಳವೆ ಇಟ್ಟು ಬಾಯಿಯಿಂದ ಹೊಯ್ಯುತ್ತೇನೆ. ದಪ್ಪ ಬಟ್ಟೆ ಸುತ್ತಿಯೇ ಹಿಡಿಯಬೇಕು, ಕಬ್ಬಿಣ ಕೈ ಸುಡುವಷ್ಟು ಕಾಯುತ್ತದೆ. ಕಾಯಬೇಕಾದದ್ದೇ. ಆ ಬಿಸಿಗೆ ಒಳಗಿನ ಪಸೆ ತಾನಾಗಿ ಆರುತ್ತದೆ. ಆದರೂ ಒಣ ಬಟ್ಟೆ ಒಂದರ ಮೇಲೊಂದು ಹಾಕಿ, ಬಟ್ಟೆ ಹೋದ ಹಾಗೇ ಒಣಗಿಯೇ ಬರುವವರೆಗೆ ಎಳೆಯುತ್ತೇನೆ. ನಳಿಗೆ ಬಿಸಿ ಇರುವಾಗಲೇ ಎಣ್ಣೆ. ತೆಂಗಿನೆಣ್ಣೆ ಬಿಟ್ಟಿದ್ದೇನೆ. ಅದು ದಿನ ಕಳೆದ ಹಾಗೆ ಅಂಟಾಗುತ್ತದೆ. ಕೋವಿ ಎಣ್ಣೆ ಸಿಗದಿದ್ದರೆ ಹೊಲಿಗೆ ಮೆಷಿನ್ ಎಣ್ಣೆ ಆಗುತ್ತದೆ. ಮರದ ಹಿಡಿಗೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ.

ಮಾರನೇ ದಿನ ಬೆಳಿಗ್ಗೆ ಇನ್ನೊಂದು ಬಿಳಿ ಬಟ್ಟೆ ಇಳಿಸಿ ನೋಡುತ್ತೇನೆ. ಕಂದು ಬಣ್ಣ ತಾಗಿದ್ದರೆ ಮತ್ತೆ ಮೊದಲಿನಿಂದ. ಆಟಿ ತಿಂಗಳ ಜಡಿಮಳೆಯಲ್ಲಿ ಹಾರಿಸಲಿ ಬಿಡಲಿ, ವಾರಕ್ಕೊಮ್ಮೆ ನೋಡಲೇಬೇಕು.

ಮುಂದಿನ ಸಲ ಬಳಸುವ ಮೊದಲು ಒಳಗಿನ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಬೇಕು. ಎಣ್ಣೆ ಉಳಿದರೆ ಮದ್ದು ನೆನೆದು ಈಡು ಹಾರುವುದಿಲ್ಲ. ಖಾಲಿ ಎಂದು ಗಜದಲ್ಲಿ ಖಚಿತ ಮಾಡಿಕೊಂಡು, ಬರೀ ಕೇಪು ಇಟ್ಟು, ನಳಿಗೆಯ ಬಾಯಿಯನ್ನು ನೆಲದ ಮೇಲಿನ ಒಂದು ಎಲೆಗೆ ಹತ್ತಿರ ಹಿಡಿದು ಟ್ರಿಗರ್ ಒತ್ತುತ್ತೇನೆ. ಎಲೆ ಅಲುಗಿದರೆ ದಾರಿ ತೆರೆದಿದೆ ಎಂದರ್ಥ. ಅಲುಗದಿದ್ದರೆ ನಿಪ್ಪಲ್ ಕಟ್ಟಿದೆ. ಇದು ಅಪ್ಪ ಹೇಳಿಕೊಟ್ಟದ್ದು.

ತುಂಬುವ ವಿಷಯದಲ್ಲಿ ನಾನು ಒಂದಷ್ಟು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ. ಪ್ರತಿ ಈಡನ್ನೂ ನಾವೇ ಕೈಯಾರೆ ತುಂಬುವ ಕೋವಿ ಇದು. ತಪ್ಪಾದರೆ ತಪ್ಪೂ ನಮ್ಮದೇ. ಮದ್ದನ್ನು ಡಬ್ಬದಿಂದ ನೇರ ನಳಿಗೆಗೆ ಸುರಿಯುವುದಿಲ್ಲ. ಹಿಂದಿನ ಈಡಿನ ಕಿಡಿ ಒಳಗೆ ಉಳಿದಿದ್ದರೆ ಇಡೀ ಡಬ್ಬ ಕೈಯಲ್ಲೇ ಹತ್ತಿಕೊಳ್ಳುತ್ತದೆ. ಒಂದೇ ಅಳತೆಯ ಸಣ್ಣ ಪಾತ್ರೆ, ಅದಕ್ಕಿಂತ ಒಂದು ಚಿಟಿಕೆಯೂ ಜಾಸ್ತಿ ಇಲ್ಲ. ತೋಟೆ ಬಿಚ್ಚಿ ತೆಗೆದ ಹೊಗೆರಹಿತ ಮದ್ದನ್ನು ಇದರಲ್ಲಿ ಯಾವತ್ತೂ ಹಾಕಬಾರದು. ಅದರ ಒತ್ತಡ ತಾಳುವ ನಳಿಗೆ ಇದಲ್ಲ, ಒಡೆದು ಹೋಗುತ್ತದೆ. ಪಟಾಕಿ ಮದ್ದೂ ಬೇಡ. ಮೇಲಿನ ನಾರು ಮದ್ದಿಗೆ ತಾಗಿ ಕೂತಿದೆಯೇ ಎಂದು ಗಜದ ಗೆರೆ ನೋಡಿಯೇ ಮುಂದಕ್ಕೆ. ಕೇಪು ಕೊನೆಗೆ, ತೋಟದಲ್ಲಿ ನಿಂತ ಮೇಲೆ. ಟ್ರಿಗರ್ ಎಳೆದು ಸದ್ದು ಬಾರದಿದ್ದರೆ ಎರಡು ನಿಮಿಷ ಹಾಗೇ ಹಿಡಿದು ನಿಲ್ಲುತ್ತೇನೆ. ತಡವಾಗಿ ಹಾರುವುದೂ ಉಂಟು.

ನಾನು ಹಾರಿಸುವುದು ಹೆಚ್ಚಾಗಿ ಖಾಲಿ ಈಡು. ಮದ್ದು ಮತ್ತು ತೆಂಗಿನ ಕತ್ತ (ನಾರು), ಅಷ್ಟೇ. ಗುಂಡಿಲ್ಲ, ಚರೆ ಇಲ್ಲ. ಹಾಗೆಂದು ಮನುಷ್ಯರ ಕಡೆ ತಿರುಗಿಸುವ ಹಾಗಿಲ್ಲ. ಹತ್ತಿರದಲ್ಲಿ ಆ ಕತ್ತದ ಉಂಡೆಯೂ ಗಾಯ ಮಾಡುತ್ತದೆ. ಬೇಸಿಗೆಯಲ್ಲಿ ಇನ್ನೊಂದು ಎಚ್ಚರ ಬೇಕು. ಉರಿಯುವ ಕತ್ತ ತರಗೆಲೆಗೆ ಬಿದ್ದು ಒಮ್ಮೆ ಗೇರುಗುಡ್ಡೆಯ ಅಂಚಿನಲ್ಲಿ ಹೊಗೆ ಎದ್ದಿತ್ತು. ಸೊಪ್ಪಿನ ಕಟ್ಟಿನಲ್ಲಿ ಬಡಿದು ಆರಿಸಿದೆವು. ಮಾರ್ಚ್ ತಿಂಗಳಲ್ಲಿ ಈಗ ಗದ್ದೆಯ ಬದಿಯಲ್ಲಿ ಮಾತ್ರ ಹಾರಿಸುತ್ತೇನೆ, ಪಕ್ಕದಲ್ಲಿ ಒಂದು ಕೊಡ ನೀರು ಇಟ್ಟುಕೊಂಡು.

ಅಪ್ಪನ ಬಾಲ್ಯದಲ್ಲಿ ತುಳುನಾಡಿನ ಭೂಮಿ ಪೂಜೆಯ ಹಬ್ಬವಾದ ಕೆಡ್ಡಸದ ದಿನ ಊರಿನವರು ಸೇರಿ ಬೇಟೆಗೆ ಹೋಗುತ್ತಿದ್ದರು. ಆ ಕತೆ ಹೇಳುವಾಗ ಅವರ ಮುಖ ಅರಳುತ್ತದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಮುಗಿದ ಮಾತು. ಮುಗಿದದ್ದೇ ಸರಿ ಎಂದು ನನಗೆ ಅನಿಸುತ್ತದೆ. ಬೆಳೆ ತಿನ್ನುವ ಹಂದಿಯನ್ನಾದರೂ ಅನುಮತಿ ಇಲ್ಲದೆ ಕೊಲ್ಲುವ ಹಾಗಿಲ್ಲ. ಕಾಟಿ (ಕಾಡುಕೋಣ), ನವಿಲಿನ ಮಾತಂತೂ ಬೇಡವೇ ಬೇಡ. ನನಗೆ ಅವು ಸಾಯಬೇಕಾಗಿಲ್ಲ, ತೋಟದಿಂದ ಆಚೆ ಹೋದರೆ ಸಾಕು. ಮಂಗಗಳು ಈ ಸದ್ದಿಗೆ ಬೇಗ ಪಳಗುತ್ತವೆ. ವಾರದಲ್ಲಿ ನಾಲ್ಕು ಸಲ ಹಾರಿಸಿದರೆ ಐದನೆಯ ಸಲ ತಲೆ ಎತ್ತಿಯೂ ನೋಡುವುದಿಲ್ಲ. ಹಂದಿಗಳಿಗೆ ಹಾಗಲ್ಲ. ಒಂದು ಈಡಿಗೆ ಎಂಟು ಹತ್ತು ದಿನ ಆ ಕಡೆ ಸುಳಿಯುವುದಿಲ್ಲ. ಅದಕ್ಕೇ ಮಂಗಗಳಿಗೆ ಕೋವಿ ತೆಗೆಯುವುದನ್ನು ಬಿಟ್ಟಿದ್ದೇನೆ. ಹಂದಿಗೆ ಮಾತ್ರ.

ಠಾಣೆಗೆ ಕೊಡುವ ಕ್ರಮವನ್ನೂ ಬದಲಿಸಿದ್ದೇನೆ. ಮುಂದಿನ ಚುನಾವಣೆಗೆ ಕೊಡಬೇಕಾಗಿ ಬಂದರೆ ತೊಳೆದು, ಒಣಗಿಸಿ, ಒಳಗೂ ಹೊರಗೂ ತೆಳುವಾಗಿ ಗ್ರೀಸ್ ಹಚ್ಚಿ, ಬಾಯಿಗೆ ಎಣ್ಣೆ ಬಟ್ಟೆ ಕಟ್ಟಿ, ಚೀಲ ಇಲ್ಲದೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊಡುತ್ತೇನೆ. ಬಾಯಿಗೆ ಬಟ್ಟೆ ಕಟ್ಟಿದ್ದು ನೆನಪಿರಲಿ ಎಂದು ಟ್ರಿಗರ್ ಬಳಿ ಒಂದು ಕೆಂಪು ನೂಲು. ರಸೀದಿಯಲ್ಲಿ ಕೋವಿಯ ನಂಬರ್ ಸರಿಯಾಗಿದೆಯಾ ಎಂದು ನೋಡಿ, ಫೋನಿನಲ್ಲಿ ಒಂದು ಫೋಟೊ.

ಕಳೆದ ವರ್ಷ ಏಣೆಲು, ಅಂದರೆ ಮಳೆಗಾಲದ ಭತ್ತದ, ಪೈರು ತೆನೆ ಬಿಡುವ ಹೊತ್ತಿಗೆ, ರಾತ್ರಿ ಹನ್ನೊಂದೂವರೆಗೆ ನಾಯಿ ಬೊಗಳಿತು. ಗದ್ದೆಯ ಕೆಳಗಿನ ಬದುವಿನಲ್ಲಿ ಹಂದಿಗಳ ಗುರುಗುರು. ಗಜ ಇಳಿಸಿ ಖಾಲಿ ಎಂದು ಖಚಿತ ಮಾಡಿಕೊಂಡು ಮದ್ದು ತುಂಬಿಸಿದೆ. ಅಂಗಳ ದಾಟಿ ಹೋಗಿ ಆಕಾಶದ ಕಡೆ ಒಂದೇ ಈಡು. ಗುಡ್ಡದಿಂದ ಸದ್ದು ವಾಪಸು ಬರುವಷ್ಟರಲ್ಲಿ ಹಂದಿಗಳು ತೋಡು ದಾಟಿದ್ದವು. ತಿರುಗಿ ಬಂದಾಗ ಬಚ್ಚಲ ಒಲೆಯಲ್ಲಿ ಬೆಂಕಿ ಕಾಣಿಸಿತು. ಈಡಿನ ಸದ್ದು ಕೇಳಿ ಅಪ್ಪ ಎದ್ದು ಹಂಡೆಗೆ ಸೌದೆ ಇಟ್ಟಿದ್ದರು. ನಾನು ನಿಪ್ಪಲ್ ಬಿಚ್ಚಿದೆ. ಅವರು ಬಕೆಟ್ ಹಿಡಿದರು. ಮೂರನೆಯ ನೀರು ತಿಳಿಯಾಗಿ ಬರುವಾಗ ಗಂಟೆ ಒಂದಾಗಿತ್ತು.